ಒಂಬತ್ತನೆಯ ಕಲ್ಲು

ಪಕ್ಕದ ಮನೆಗೆ ಬೆಂಕಿ ಬಿದ್ದರೆ ನೀರು ಹೊತ್ತು ಓಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಕ್ಕದ ಮನೆಗೆ ಮರ್ಯಾದೆ ಬಂದಾಗ ಮಾತ್ರ ಯಾರಿಗೂ ಕೈಕಾಲು ಆಡುವುದಿಲ್ಲ. ಪಾಡ್ಬರಿ ಹಳ್ಳಿಯ ಹೊರೇಸ್ ಟಿಂಡಲ್‌ನ ಕೈಕಾಲು ಬಿದ್ದುಹೋದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ, ಚಹಾದ ಹೊತ್ತಿಗೆ. ಆಗ ಪಕ್ಕದ ಮನೆಯ ಬೇಸಿಲ್ ಕ್ರಂಪ್‌ನ ಗೋಡೆಗೆ ನೀಲಿ ಫಲಕ ಹೊಡೆಯುತ್ತಿದ್ದರು.

ಫಲಕವೇನು ದೊಡ್ಡದಲ್ಲ, ಊಟದ ತಟ್ಟೆಯಷ್ಟು. 1781ರಲ್ಲಿ ಬಿಷಪ್ ಒಬ್ಬರು ಈ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು ಎಂದು ಅದರಲ್ಲಿ ಬರೆದಿತ್ತು. ಬಿಷಪ್ಪರು ಹಲ್ಲುನೋವು ತಾಳಲಾರದೆ ಕುದುರೆಯಿಂದ ಇಳಿದು, ಮೊದಲು ಕಂಡ ಬಾಗಿಲನ್ನು ಬಡಿದಿದ್ದರಂತೆ. ಅದನ್ನು ಬರೆದಿರಲಿಲ್ಲ. ಕೌಂಟಿಯ ಮುಖ್ಯಪಟ್ಟಣ ಮಾರ್ಲ್‌ಚೆಸ್ಟರಿನಿಂದ ಸ್ಥಳೀಯ ಇತಿಹಾಸ ಸಂಘದವರು ಬಸ್ಸು ಮಾಡಿಕೊಂಡು ಬಂದಿದ್ದರು. ಪಾದ್ರಿಗಳು ಬಂದಿದ್ದರು. ವಾರಪತ್ರಿಕೆಯ ಫೋಟೋದವನೂ ಬಂದಿದ್ದ. ಸಂಘದ ಕಾರ್ಯದರ್ಶಿ ಮಿಸ್ ಅಗಸ್ಟಾ ಫೆಲ್ಗೇಟ್ ಗುಡ್ಡ ಹತ್ತುವ ಬೂಟು ಹಾಕಿಕೊಂಡು ಮುಕ್ಕಾಲು ಗಂಟೆ ಭಾಷಣ ಮಾಡಿದಳು. ಹೊರೇಸನಿಗೆ ಕುರ್ಚಿ ಸಿಕ್ಕಿದ್ದು ಕಟ್ಟಕಡೆಯ ಸಾಲಿನಲ್ಲಿ, ನೀರಿನ ಪೀಪಾಯಿಯ ಹಿಂದೆ. ಫೋಟೋದಲ್ಲಿ ಅವನ ಟೋಪಿ ಮಾತ್ರ ಬಂತು.

ಸಮಾರಂಭ ಮುಗಿದ ಮೇಲೆ ಬೇಸಿಲ್ ಬೇಲಿಯ ಮೇಲೆ ಮೊಣಕೈ ಊರಿದ. ಅವನು ಹರಾಜು ಕೂಗುವ ಕೆಲಸ ಮಾಡಿ ನಿವೃತ್ತನಾದವನು. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸುತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಹೊರೇಸ್. ನಿಮ್ಮ ಮನೇನೂ ಒಂದಿನ ಹಳೇದಾಗುತ್ತೆ."

"ನಮ್ಮನೆಗೂ ಎಂಬತ್ತು ವರ್ಷ ಆಯ್ತು."

"ಎಂಬತ್ತಾ? ನಮ್ಮ ಕೋಳಿ ಗೂಡಿಗೆ ಅದಕ್ಕಿಂತ ಜಾಸ್ತಿ ಆಗಿದೆ."

ಹೊರೇಸ್ ಮಾರ್ಲ್‌ಚೆಸ್ಟರ್ ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತು, ಪರರ ಗಂಟುಮೂಟೆಗಳನ್ನೆಲ್ಲ ಸರಿಯಾದ ಊರಿಗೆ ಕಳಿಸಿದವನು. ತನ್ನ ಬುದ್ಧಿಯನ್ನು ಮಾತ್ರ ಯಾವ ಊರಿಗೆ ಕಳಿಸಿದ್ದನೋ, ಅದು ಈವರೆಗೂ ವಾಪಸು ಬಂದಿಲ್ಲ. ಆದರೆ ಅವನಿಗೆ ಒಂದು ಹಿರಿಮೆ ಇತ್ತು, ಈರುಳ್ಳಿಯದು. ಪಾಡ್ಬರಿಯ ಬೇಸಿಗೆ ಪ್ರದರ್ಶನದಲ್ಲಿ ಎಲ್ಲಕ್ಕಿಂತ ದೊಡ್ಡ ಈರುಳ್ಳಿಗೆ ಬೆಳ್ಳಿ ಕಪ್ಪು ಕೊಡುತ್ತಾರೆ. ಮೊದಲೆಲ್ಲ ಅದು ಬೇಸಿಲ್‌ನ ಪಾಲಾಗುತ್ತಿತ್ತು. ಕಳೆದ ಎರಡು ವರ್ಷ ಹೊರೇಸ್ ಗೆದ್ದಿದ್ದ. ಸತತವಾಗಿ ಮೂರನೆಯ ಸಲ ಗೆದ್ದವನಿಗೆ ಕಪ್ಪು ಖಾಯಂ ಆಗಿ ಸೇರುತ್ತದೆ, ಅವನು ಸತ್ತ ಮೇಲೂ ಅವನ ಮನೆಯ ಬೀರುವಿನಲ್ಲೇ ಇರುತ್ತದೆ. ಆ ವರ್ಷ ಮೂರನೆಯದು. ಕ್ರಿಸ್‌ಮಸ್ಸಿನ ಮರುದಿನ ಬಿತ್ತಿ, ಅಡುಗೆಮನೆಯ ಕಿಟಕಿಯಲ್ಲಿ ಮಗುವಿನಂತೆ ಸಾಕಿ, ಹಿತ್ತಲಿಗೆ ಇಳಿಸಿದ ಸಸಿಗಳಿಗೆ ಹೊಗೆಮಸಿ ಬೆರೆಸಿದ ಹಳಸಿದ ಬಿಯರು ಕುಡಿಸುತ್ತಿದ್ದ. ಹೆಂಡತಿ ವಿನಿಫ್ರೆಡ್‌ಗೆ ಅವನು ಮದುವೆಯಾದಾಗಿನಿಂದ ಇಷ್ಟು ಉಪಚಾರ ಮಾಡಿದ್ದಿಲ್ಲ.

ಇಷ್ಟಿದ್ದೂ ಆ ಸಂಜೆ ಅವನಿಗೆ ಈರುಳ್ಳಿ ಸಮಾಧಾನ ಕೊಡಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ಸೋಡಾ ಕುಡಿದು ನೋಡಿದ, ಅದು ಆ ಉರಿಯಲ್ಲ.

"ವಿನ್ನಿ, ನಮ್ಮನೇಲಿ ಯಾರಾದ್ರೂ ಸತ್ತಿದಾರಾ?"

"ಯಾರಾದ್ರೂ ಅಂದ್ರೆ?"

"ಸ್ವಲ್ಪ ಹೆಸರಿದ್ದೋರು."

"ಬೆಕ್ಕು ಸತ್ತಿತ್ತು. ಅದಕ್ಕೆ ಹೆಸರಿತ್ತು."

"ಹೋಗ್ಲಿ, ಬಂದು ಉಳ್ಕೊಂಡೋರು? ಹಲ್ಲುನೋವು ಅಂತ?"

"ನಮ್ಮ ದೊಡ್ಡಮ್ಮ ಬಂದಿದ್ರು, ಮಂಡಿನೋವು ಅಂತ. ಮೂರು ತಿಂಗಳು ಇದ್ರು. ಅವರ ಹೆಸರಲ್ಲಿ ಫಲಕ ಹಾಕ್ಸೋದಾದ್ರೆ ನೀನೇ ತಾಳಲ್ಲ."

ಹೊರೇಸ್ ಮನೆಯನ್ನು ತಲೆಕೆಳಗು ಮಾಡಿದ. ಮಾಳಿಗೆಯಲ್ಲಿ ಒಂದು ಮುರಿದ ತೊಟ್ಟಿಲು, ನೆಲಮಾಳಿಗೆಯಲ್ಲಿ ಇಲಿ. ಇತಿಹಾಸ ಎಲ್ಲೂ ಸಿಗಲಿಲ್ಲ. ಕಡೆಗೆ ಕಲ್ಲಿದ್ದಲಿನ ಕೊಟ್ಟಿಗೆಯಲ್ಲಿ ಕಾಲಿಗೆ ಎಡವಿತು. ಅದು ಸೊಂಟದೆತ್ತರದ ಒಂದು ಕಲ್ಲು, ತಲೆಯಲ್ಲಿ ಒಂದು ತೂತು. ವಿನಿಫ್ರೆಡ್‌ಳ ಅಪ್ಪ ಹಸು ಸಾಕಿ ಚೀಸು ಮಾಡುತ್ತಿದ್ದ. ಚೀಸು ಒತ್ತಲು ಅವನ ಹತ್ತಿರ ಇಂಥ ಎರಡು ಕಲ್ಲುಗಳಿದ್ದವು. ಒಂದನ್ನು ಮಗನಿಗೆ ಬಿಟ್ಟು ಇನ್ನೊಂದನ್ನು ಮದುವೆಯಲ್ಲಿ ಅಳಿಯನಿಗೆ ಕೊಟ್ಟಿದ್ದ. ಅಂದಿನಿಂದ ಅದು ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ತಡೆದು ನಿಂತಿತ್ತು.

ಕಾಲ್ಬೆರಳು ಹಿಡಿದು ಕುಣಿಯುತ್ತಿದ್ದ ಹೊರೇಸನಿಗೆ ಮಿಸ್ ಫೆಲ್ಗೇಟಳ ಭಾಷಣದ ಒಂದು ಮಾತು ನೆನಪಾಯಿತು. ಪಾಡ್ಬರಿಯ ಸುತ್ತ ಹಿಂದೆ ಒಂಬತ್ತು ಗಡಿಗಲ್ಲುಗಳಿದ್ದವಂತೆ. ಎಂಟು ಈಗಲೂ ಇವೆ. ಒಂಬತ್ತನೆಯದನ್ನು ನೂರೈವತ್ತು ವರ್ಷದಿಂದ ಯಾರೂ ಕಂಡಿಲ್ಲ. ಅದು ಸಿಗದ ಕಾರಣ ಆ ಕಡೆ ಹೊರೇಸನ ಹಿತ್ತಲ ಹಿಂದೆ ಹರಿಯುವ ಹಳ್ಳವನ್ನೇ ಗಡಿ ಎಂದು ಇಟ್ಟುಕೊಂಡಿದ್ದಾರೆ. ಹಳ್ಳದ ಆಚೆ ಟಿಲ್ಕೋಟ್ ಹಳ್ಳಿ. ಪಾಡ್ಬರಿಗೂ ಟಿಲ್ಕೋಟಿಗೂ ಎಣ್ಣೆ ಸೀಗೆಕಾಯಿ.

ಮರುದಿನ ಹೊರೇಸ್ ಕಲ್ಲನ್ನು ತಳ್ಳುಗಾಡಿಯಲ್ಲಿ ತಂದು ಮನೆಯ ಮುಂದೆ, ಗೇಟಿನ ಪಕ್ಕದ ಪೊದೆ ಕಡಿದ ಜಾಗದಲ್ಲಿ, ದಾರಿಹೋಕರೆಲ್ಲರ ಕಣ್ಣಿಗೆ ಕುಕ್ಕುವಂತೆ ನೆಟ್ಟ. ಇದೇ ಕಲ್ಲನ್ನು ಹಿತ್ತಲ ತುದಿಯಲ್ಲಿ ಹಳ್ಳದ ದಡಕ್ಕೆ ನೆಟ್ಟಿದ್ದರೆ ಯಾರಿಗೂ ಏನೂ ತೊಂದರೆಯಾಗುತ್ತಿರಲಿಲ್ಲ. ಆದರೆ ಬೇಸಿಲ್‌ಗೆ ಕಾಣದ ಜಾಗದಲ್ಲಿ ನೆಟ್ಟರೆ ನೆಟ್ಟು ಏನು ಸುಖ?

"ನಮ್ಮಪ್ಪನ ಕಲ್ಲನ್ನ ಯಾಕೆ ಹೂತಿದೀಯ?" ಎಂದಳು ವಿನಿಫ್ರೆಡ್.

"ಅಲಂಕಾರಕ್ಕೆ."

"ಅದಕ್ಕೆ ಹೊಗೆಮಸಿ, ಬಿಯರು ಯಾಕೆ ಬಳೀತಿದೀಯ?"

"ಪಾಚಿ ಹಿಡೀಲಿ ಅಂತ."

ವಿನಿಫ್ರೆಡ್ ಇನ್ನೇನೂ ಕೇಳಲಿಲ್ಲ. ಗಂಡನನ್ನು ಆಡಲು ಬಿಟ್ಟು ನೋಡುವುದರಲ್ಲಿ ಒಂದು ಸುಖವಿದೆ ಎಂದು ಅವಳು ಬಹಳ ಹಿಂದೆಯೇ ಕಂಡುಕೊಂಡಿದ್ದಳು.

ಮೂರನೆಯ ವಾರ ಮಿಸ್ ಫೆಲ್ಗೇಟ್ ತಾನೇ ಬಂದಳು. ಹೊರೇಸ್ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದ. ಅವಳ ಬೂಟು ಕಂಡದ್ದೇ ಮರೆತುಹೋಯಿತು.

"ಈ ಕಲ್ಲು ಎಷ್ಟು ದಿನದಿಂದ ಇದೆ, ಟಿಂಡಲ್ ಅವರೇ?"

"ನಮ್ಮ ಮದುವೆ ಆದಾಗಿಂದ."

"ಅಂದ್ರೆ ನೀವು ಈ ಮನೆಗೆ ಬರೋವಾಗಲೇ ಇತ್ತು."

"ನಾವೂ ಅದೂ ಒಟ್ಟಿಗೇ…"

"ನೀವು ಬಂದಾಗ ಇತ್ತು ತಾನೇ?"

"ಇತ್ತು ಅಂತಲೇ ಇಟ್ಕೊಳ್ಳಿ."

ಮಿಸ್ ಫೆಲ್ಗೇಟ್ ಹುಲ್ಲಿನ ಮೇಲೆ ಮಂಡಿಯೂರಿದಳು. ಕಲ್ಲನ್ನು ತಡವಿದಳು, ತೂತಿನಲ್ಲಿ ಬೆರಳಾಡಿಸಿದಳು, ಕಡೆಗೆ ಮೂಗು ಹತ್ತಿರ ತಂದು ಮೂಸಿದಳು. "ಶತಮಾನಗಳ ವಾಸನೆ," ಎಂದು ಕಣ್ಣು ಒರೆಸಿಕೊಂಡಳು. ಅದು ಹಳಸಿದ ಬಿಯರಿನ ವಾಸನೆ. "ಮೂವತ್ತು ವರ್ಷ ಹುಡುಕಿದೀನಿ ಟಿಂಡಲ್ ಅವರೇ. ಪೊದೆ ಬಿಡಲಿಲ್ಲ, ಚರಂಡಿ ಬಿಡಲಿಲ್ಲ. ಅದು ಇಲ್ಲಿ ನಿಮ್ಮ ಗೇಟಿನ ಹತ್ರ ನಿಂತಿತ್ತು."

ಹೊರೇಸ್ ಬೇಲಿಯತ್ತ ನೋಡಿದ. ಬೇಲಿಯ ಮೇಲೆ ಬೇಸಿಲ್‌ನ ಮುಖ ಇತ್ತು. ಅದರ ಬಣ್ಣ ಅವನ ಫಲಕದ ಬಣ್ಣಕ್ಕೆ ತಿರುಗುತ್ತಿತ್ತು. ಇಪ್ಪತ್ತು ದಿನದ ಹೊಟ್ಟೆಯುರಿ ಹೊರೇಸನಿಗೆ ಆ ಕ್ಷಣದಲ್ಲಿ ತಣ್ಣಗಾಯಿತು.

ಮುಂದಿನ ವಾರ ಪತ್ರಿಕೆಯಲ್ಲಿ ಕಲ್ಲಿನ ಚಿತ್ರ ಬಂತು, ಇಷ್ಟು ವರ್ಷ ಅದು ಪೊದೆಯ ಮರೆಯಲ್ಲಿತ್ತು ಎಂದು ಪತ್ರಿಕೆಯವರೇ ಊಹಿಸಿ ಬರೆದಿದ್ದರು. ಪಕ್ಕದಲ್ಲಿ ಹೊರೇಸ್, ಟೋಪಿ ಸಮೇತ ಪೂರ್ತಿ. ಮಾರ್ಲ್‌ಚೆಸ್ಟರಿನಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಜನ ಬಸ್ಸಿನಲ್ಲಿ ಬಂದು, ಬೇಸಿಲ್‌ನ ಫಲಕಕ್ಕೆ ಬೆನ್ನು ಹಾಕಿ ನಿಂತು, ಕಲ್ಲನ್ನು ಮುಟ್ಟಿ ಹೋದರು. ಮಿಸ್ ಫೆಲ್ಗೇಟ್ ಹಳ್ಳದ ದಡದಿಂದ ಕಲ್ಲಿನವರೆಗೆ ದಾರ ಎಳೆದಳು. ದಾರ ಹಿತ್ತಲನ್ನು ಹಾದು, ಅಡುಗೆಮನೆಯ ಬಾಗಿಲಿನಿಂದ ಒಳಬಂದು, ಹಜಾರದ ನಡುವೆ ನುಗ್ಗಿ, ಮುಂದಿನ ಕಿಟಕಿಯಿಂದ ಹೊರಬಿದ್ದು ಕಲ್ಲನ್ನು ಮುಟ್ಟಿತು. ಅಲ್ಲಿಂದ ಬೇಸಿಲ್‌ನ ಬೇಲಿಯ ಗುಂಟ ಮತ್ತೆ ಹಳ್ಳಕ್ಕೆ.

"ಸ್ವಲ್ಪ ಪಕ್ಕಕ್ಕೆ ಎಳೀಬೋದಲ್ವಾ?" ಎಂದ ಹೊರೇಸ್. "ಮನೆ ಬಿಟ್ಟು?"

"ಇತಿಹಾಸ ಯಾರ ಮನೆ ನೋಡ್ಕೊಂಡೂ ಸುತ್ತಿ ಹೋಗಲ್ಲ, ಟಿಂಡಲ್ ಅವರೇ. ನೇರವಾಗಿ ಹೋಗುತ್ತೆ."

ಅದು ನಿಜವಾಗಿಯೂ ನೇರವಾಗಿಯೇ ಬಂತು, ಮೇ ತಿಂಗಳಲ್ಲಿ, ಗಡಿ ಬಡಿಯುವ ದಿನ. ವರ್ಷಕ್ಕೊಮ್ಮೆ ಪಾಡ್ಬರಿಯವರೆಲ್ಲ ಪಾದ್ರಿ ಟ್ರೆಂಚರ್ಡರ ಹಿಂದೆ ಹೊರಟು, ಊರಿನ ಗಡಿಯ ಗುಂಟ ನಡೆದು, ಗಡಿಗಲ್ಲುಗಳಿಗೆ ವಿಲೋ ಮರದ ಕೋಲುಗಳಿಂದ ಬಡಿಯುತ್ತಾರೆ. ಗಡಿ ಎಲ್ಲಿದೆ ಎಂದು ಮರೆಯಬಾರದಲ್ಲ, ಅದಕ್ಕೆ. ಗಡಿಯ ಮೇಲೆ ಮನೆ ಇದ್ದರೆ ಮನೆಯೊಳಗಿಂದಲೇ ಹೋಗಬೇಕು. ಮನೆಯವರು ಬಿಯರು, ಬನ್ನು ಕೊಡಬೇಕು. ಅಜ್ಜಂದಿರ ಕಾಲದಿಂದ ಹೀಗೆಯೇ.

ನೂರು ಜೊತೆ ಕೆಸರು ಬೂಟು ಹೊರೇಸನ ಅಡುಗೆಮನೆಗೆ ನುಗ್ಗಿದವು. ಹೊರೇಸ್ ಹಿತ್ತಲಲ್ಲಿ ಕೈಚಾಚಿ, ಈರುಳ್ಳಿ ಪಾತಿಯ ಮುಂದೆ ಶಿಲುಬೆಯಂತೆ ನಿಂತಿದ್ದ. ಒಳಗೆ ಮಿಸ್ ಫೆಲ್ಗೇಟ್ ದಾರ ಹಿಡಿದು, ಗೆರೆಯ ಮೇಲೆ ಬಿದ್ದದ್ದನ್ನೆಲ್ಲ ತೋರಿಸಿ ಬಡಿಸುತ್ತಿದ್ದಳು. ಜನ ಒಲೆಗೆ ಬಡಿದರು. ಸೋಫಾಗೆ ಬಡಿದರು, ಅದರಿಂದ ಎದ್ದ ಧೂಳಿಗೆ ವಿನಿಫ್ರೆಡ್ ನಾಚಿಕೊಂಡಳು. ಗೋಡೆಯ ಮೇಲಿನ ದೊಡ್ಡಮ್ಮನ ಫೋಟೋಗೆ ಬಡಿದಾಗ ಮಾತ್ರ ಅವಳಿಗೆ ಮನಸ್ಸು ಹಗುರಾಯಿತು. ಪಾದ್ರಿಗಳು ಸ್ಥೂಲಕಾಯರು. ಮುಂದಿನ ಕಿಟಕಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡರು.

"ಹಿಂದಿನಿಂದ ಯಾರಾದ್ರೂ ಸ್ವಲ್ಪ ತಳ್ರಪ್ಪ," ಎಂದರು ಶಾಂತವಾಗಿ. "ಕೋಲಿಂದ ಬೇಡ."

ಕಲ್ಲಿನ ಹತ್ತಿರ ಇನ್ನೊಂದು ಪದ್ಧತಿ ಕಾದಿತ್ತು. ಗಡಿ ನೆನಪಿರಲಿ ಎಂದು ಯಾರಾದರೂ ಒಬ್ಬನನ್ನು ಎತ್ತಿ ಕಲ್ಲಿಗೆ ಮೂರು ಸಲ ಕುಕ್ಕಬೇಕು. ಮನೆಯ ಯಜಮಾನನೇ ಇರುವಾಗ ಬೇರೆಯವರೇಕೆ ಎಂದು ಹೊರೇಸನನ್ನು ಹಿತ್ತಲಿನಿಂದ ಎಳೆತಂದರು. ಬೇಸಿಲ್ ಜನರನ್ನು ಸರಿಸಿಕೊಂಡು ಮುಂದೆ ಬಂದು, ಹೊರೇಸನ ಎರಡೂ ಕಾಲು ಹಿಡಿದ.

"ಸಾಕು ಬೇಸಿಲ್, ಮೂರಾಯ್ತು."

"ಎಣಿಕೆ ತಪ್ಪಿತು ಹೊರೇಸ್. ಮೊದಲಿಂದ ಮಾಡೋಣ."

ಹೊರೇಸ್ ಒಂದು ವಾರ ದಿಂಬಿನ ಮೇಲೆ ಕೂತ. ಆದರೂ ಹೊಗಳಿಕೆಯ ಮುಂದೆ ಅದೇನೂ ನೋವಲ್ಲ. ಪಬ್ಬಿಗೆ ಹೋದರೆ ಜನ ಜಾಗ ಬಿಡುತ್ತಿದ್ದರು, ಅವನು ನಿಂತೇ ಕುಡಿಯುತ್ತಿದ್ದ.

ಜುಲೈ ಬಂತು. ಈರುಳ್ಳಿಗಳಲ್ಲಿ ಒಂದು ಮಗುವಿನ ತಲೆಯಷ್ಟಾಯಿತು. ಬೇಸಿಲ್‌ನ ಪಾತಿಯಲ್ಲಿದ್ದದ್ದು ಅದರ ಅರ್ಧ. ಒಂದು ಬೆಳಗ್ಗೆ ಪಬ್ಬಿನ ಮಾಲೀಕ ಆಲ್ಬರ್ಟ್ ನೋಕ್ಸ್ ಟೋಪಿ ಕೈಯಲ್ಲಿ ಹಿಡಿದು ಬಂದ. ಈರುಳ್ಳಿ ಪ್ರದರ್ಶನದ ಅಧ್ಯಕ್ಷನೂ ಅವನೇ. ಅವನು ಟೋಪಿ ತೆಗೆಯುವುದು ಸಾವಿನ ಮನೆಯಲ್ಲಿ ಮಾತ್ರ.

"ಒಂದು ಸಣ್ಣ ವಿಷಯ ಹೊರೇಸ್. ಈರುಳ್ಳಿ ಪಾಡ್ಬರಿ ಗಡಿಯೊಳಗೇ ಬೆಳೆದಿರ್ಬೇಕು ಅಂತ ನಿಯಮ ಇದೆಯಲ್ಲ."

"ಇದೆ. ಅದಕ್ಕೇನೀಗ?"

"ನಿಮ್ಮ ಪಾತಿ ದಾರದ ಆಚೆ ಇದೆ."

"ಯಾವ ದಾರ?"

"ನಿಮ್ಮ ಕಲ್ಲಿನ ದಾರ. ಅಡುಗೆಮನೆ, ಪಾತಿ, ಪಾಯಿಖಾನೆ, ಮೂರೂ ದಾರಕ್ಕೂ ಬೇಲಿಗೂ ನಡುವೆ ಬಿದ್ದು ಟಿಲ್ಕೋಟಿಗೆ ಹೋಗಿವೆ. ನೀವೇ ಪತ್ರಿಕೇಲಿ ಹೇಳಿದೀರಿ. ಬೇಸಿಲ್ ಬಂದು ತೋರಿಸಿದ."

ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದು ಬನ್ನು ಕೊಟ್ಟಿದ್ದೇನೆ ಎಂದು ಹೊರೇಸನಿಗೆ ಈಗ ಹೊಳೆಯಿತು.

ಮಧ್ಯಾಹ್ನಕ್ಕೆ ಟಿಲ್ಕೋಟಿನ ಕಟುಕ ಸ್ಪ್ರೌಲ್ ಒಂದು ಕಟ್ಟು ಸಾಸೇಜು ಹಿಡಿದು ಹಿತ್ತಲ ಬಾಗಿಲಿಗೆ ಬಂದ. ಆ ಊರಿನ ಈರುಳ್ಳಿ ಪಂಚಾಯಿತಿ ಅವನದು.

"ನಮ್ಮೂರಿಗೆ ಬಂದ್ರಲ್ಲ, ಸಂತೋಷ ಟಿಂಡಲ್ ಅವರೇ. ಆ ಈರುಳ್ಳಿ ನಮ್ಮ ಪ್ರದರ್ಶನಕ್ಕೆ ಇಡಿ. ಪಾಡ್ಬರಿಯವರ ಮುಖಕ್ಕೆ ಮಂಗಳಾರತಿ ಎತ್ತೋಣ. ಒಂದೇ ನಿಯಮ, ಬೆಳೆದೋರು ಟಿಲ್ಕೋಟಲ್ಲಿ ಮಲಗೋರಾಗಿರ್ಬೇಕು. ನೀವು ಎಲ್ಲಿ ಮಲಗ್ತೀರಿ?"

"ಮಹಡಿ ಮೇಲೆ. ಮುಂದಿನ ಕೋಣೇಲಿ."

ಸ್ಪ್ರೌಲ್ ದಾರ ನೋಡಿದ, ಮಹಡಿ ನೋಡಿದ. "ಅದು ಪಾಡ್ಬರಿ," ಎಂದು ಸಾಸೇಜನ್ನು ಅರ್ಧ ಹಿಂದಕ್ಕೆ ಎಳೆದುಕೊಂಡ.

ಟಿಲ್ಕೋಟಿನ ಕಪ್ಪು ತಗಡಿನದು, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ ಎಂದು ಹೊರೇಸ್ ಅಡುಗೆಮನೆಗೆ ಹಾಸಿಗೆ ಇಳಿಸಲು ಹೊರಟ.

"ನೀನು ಬೇಕಾದ್ರೆ ಟಿಲ್ಕೋಟಿಗೆ ಹೋಗು," ಎಂದಳು ವಿನಿಫ್ರೆಡ್. "ನಾನು ಮದುವೆ ಆಗಿದ್ದು ಪಾಡ್ಬರಿ ಚರ್ಚಲ್ಲಿ. ಪಾಡ್ಬರೀಲೇ ಮಲಗ್ತೀನಿ."

ಹೊರೇಸ್ ಒಬ್ಬನೇ ಅಡುಗೆಮನೆಯಲ್ಲಿ ಮಲಗತೊಡಗಿದ. ಅಡುಗೆಮನೆ ಚಿಕ್ಕದು, ಅವನು ಉದ್ದ. ಒಲೆಯ ಹತ್ತಿರ ತಲೆಯಿಟ್ಟರೆ ಕಾಲು ಬಾಗಿಲು ದಾಟಿ ಹಜಾರಕ್ಕೆ, ಎಂದರೆ ಪಾಡ್ಬರಿಗೆ ಹೋಗುತ್ತಿತ್ತು. ಬೇಸಿಲ್ ಇದನ್ನೂ ಟಿಲ್ಕೋಟಿಗೆ ಮುಟ್ಟಿಸಿದ. ಮನುಷ್ಯ ಮಲಗುವುದು ತಲೆ ಇರುವ ಊರಿನಲ್ಲೋ ಕಾಲು ಇರುವ ಊರಿನಲ್ಲೋ ಎಂದು ಟಿಲ್ಕೋಟಿನ ಹಿರಿಯರು ಎರಡು ಸಂಜೆ ಚರ್ಚಿಸಿದರು. ತಲೆಯ ಪಕ್ಷದವರು ಕಾಲಿನ ಪಕ್ಷದವರ ಜೊತೆ ಮಾತು ಬಿಟ್ಟರು. ಕಾಲಿನ ಪಕ್ಷ ಗೆದ್ದಿತು. ನಡೆದುಹೋಗುವುದು ಕಾಲು, ಆದ್ದರಿಂದ ಅದಿರುವ ಕಡೆಯೇ ಮನುಷ್ಯ ಎಂದು ತೀರ್ಪಾಯಿತು.

ಹೀಗೆ ಕೌಂಟಿಯಲ್ಲೇ ಅತಿ ದೊಡ್ಡದಾದ ಈರುಳ್ಳಿ ಯಾವ ಊರಿನದೂ ಅಲ್ಲದ್ದಾಯಿತು. ಬೇಲಿಯ ಆಚೆ ಬೇಸಿಲ್ ತನ್ನ ಅರ್ಧ ಗಾತ್ರದ ಈರುಳ್ಳಿಗೆ ನೀರು ಹಾಕುತ್ತ ಹಾಡು ಗುನುಗುತ್ತಿದ್ದ. ಹೊರೇಸನಿಗೆ ಅನ್ನ ಸೇರಲಿಲ್ಲ ಎನ್ನೋಣವೆಂದರೆ ಅವನು ಅನ್ನ ಉಣ್ಣುವವನಲ್ಲ. ಆಲೂಗಡ್ಡೆ ಸೇರಲಿಲ್ಲ.

ಕೊನೆಗೆ ಅವನು ಬಸ್ಸು ಹತ್ತಿ ಮಾರ್ಲ್‌ಚೆಸ್ಟರಿಗೆ ಹೋಗಿ, ಮಿಸ್ ಫೆಲ್ಗೇಟಳ ಮುಂದೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಿನಿಫ್ರೆಡ್‌ಳನ್ನು ಸಾಕ್ಷಿಗೆ ಕರೆದುಕೊಂಡು ಹೋಗಿದ್ದ.

"ಅದು ಗಡಿಗಲ್ಲಲ್ಲ ಮೇಡಂ. ನಮ್ಮ ಮಾವನ ಚೀಸು ಒತ್ತೋ ಕಲ್ಲು. ಏಪ್ರಿಲಲ್ಲಿ ನಾನೇ ನೆಟ್ಟಿದ್ದು."

"ಹೌದು ಮೇಡಂ," ಎಂದಳು ವಿನಿಫ್ರೆಡ್. "ಚಿಕ್ಕವಳಿದ್ದಾಗ ನಾನೇ ಅದನ್ನ ಉಜ್ಜಿ ತೊಳೀತಿದ್ದೆ."

ಮಿಸ್ ಫೆಲ್ಗೇಟ್ ಇಬ್ಬರನ್ನೂ ಕನಿಕರದಿಂದ ನೋಡಿದಳು. "ನೋಕ್ಸ್ ಎಲ್ಲಾ ಹೇಳಿದಾರೆ. ಒಂದು ಈರುಳ್ಳಿಗೋಸ್ಕರ ಏಳು ನೂರು ವರ್ಷದ ಇತಿಹಾಸ ಅಳಿಸ್ತೀರಾ ಟಿಂಡಲ್ ಅವರೇ? ಇನ್ನು ನೀವಮ್ಮ, ಗಂಡನಿಗೋಸ್ಕರ ಇಷ್ಟು ದೊಡ್ಡ ಸುಳ್ಳು ಹೇಳ್ತಿದೀರಲ್ಲ, ನಿಮ್ಮ ಪ್ರೀತಿಗೆ ನಾನು ತಲೆಬಾಗ್ತೀನಿ."

ಸುಳ್ಳು ಹೇಳಿದಾಗ ಮೂಸಿ ನೋಡಿ ನಂಬಿದವಳು ನಿಜ ಹೇಳಿದಾಗ ನಂಬಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ವಿನಿಫ್ರೆಡ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಹೊರೇಸ್ ಕರವಸ್ತ್ರ ಕೊಟ್ಟ.

ವಿಷಯ ಇಲ್ಲಿಗೇ ನಿಂತಿದ್ದರೆ ಬೇಸಿಲ್ ಗೆದ್ದಿರುತ್ತಿದ್ದ. ಕಪ್ಪು ಅವನ ಕೈಗೇ ಬರುತ್ತಿತ್ತು. ಆದರೆ ಹೊಟ್ಟೆಕಿಚ್ಚು ಒಬ್ಬನ ಮನೆಯಲ್ಲೇ ವಾಸ ಮಾಡುವ ಪ್ರಾಣಿಯಲ್ಲ, ಬೇಲಿ ಹಾರುತ್ತದೆ. ದಿನಾ ಬಸ್ಸು ಬರುತ್ತಿತ್ತು, ದಿನಾ ಜನ ಅವನ ಫಲಕಕ್ಕೆ ಬೆನ್ನು ಹಾಕುತ್ತಿದ್ದರು. ಒಬ್ಬಾಕೆ ಫಲಕದ ಮೇಲೆ ಕೊಡೆ ಒರಗಿಸಿ ಹೋದಳು. ಇನ್ನೊಬ್ಬ, "ಕಲ್ಲಿನ ಮನೆ ಯಾವುದು ಸ್ವಾಮಿ?" ಎಂದು ಬಿಷಪ್ಪರು ಮಲಗಿದ್ದ ಮನೆಯ ಯಜಮಾನನನ್ನೇ ಕೇಳಿದ. ಬೇಸಿಲ್ ಆಗಸ್ಟ್ ಮೊದಲ ವಾರ ಇತಿಹಾಸ ಸಂಘದ ತುರ್ತು ಸಭೆ ಕರೆಸಿದ.

ಸಭೆ ಮಾರ್ಲ್‌ಚೆಸ್ಟರಿನ ಹಳೆಯ ಧಾನ್ಯಮಂಡಿಯ ಸಭಾಂಗಣದಲ್ಲಿ. ಸುತ್ತಲಿನ ಏಳು ಹಳ್ಳಿಯವರೂ ಬಂದಿದ್ದರು. ಒಂದು ಹಳ್ಳಿಗೆ ನೇಣುಮರದ ಹೆಮ್ಮೆ, ಇನ್ನೊಂದಕ್ಕೆ ಪ್ಲೇಗಿನ ಹೆಣದ ಗುಂಡಿಯ ಹೆಮ್ಮೆ. ಪಾಡ್ಬರಿಯ ಕಲ್ಲು ಬಂದ ಮೇಲೆ ಎಲ್ಲರ ಮುಖವೂ ಸಣ್ಣಗಾಗಿತ್ತು. ಬೇಸಿಲ್ ಹರಾಜಿನ ಹಳೆಯ ಗಂಟಲಿನಲ್ಲಿ ಶುರುಮಾಡಿದ.

"ಮಹನೀಯರೇ, ಕಲ್ಲು ನಿಜ. ಜಾಗ ಸುಳ್ಳು. ಅದು ಇದ್ದಿದ್ದು ನಮ್ಮ ತೋಟದಲ್ಲಿ. ಚಿಕ್ಕಂದಿನಲ್ಲಿ ನಾನು ಅದರ ಮೇಲೇ ಕೂತು ಪೇರು ಹಣ್ಣು ತಿಂತಿದ್ದೆ. ಪಕ್ಕದ ಮನೇಲಿ ಹಿಂದೆ ಇದ್ದೋರು ಬೇಲಿ ಹಾಕೋವಾಗ ಅದನ್ನ ಆಚೆಗೆ ಎಳ್ಕೊಂಡ್ರು. ನಮ್ಮಪ್ಪ ಜಗಳ ಬೇಡ ಅಂತ ಸುಮ್ಮನಿದ್ದ."

ಹೊರೇಸ್ ದಂಗಾದ. ಬೇಸಿಲ್ ಪೇರು ತಿನ್ನುತ್ತಿದ್ದ ಕಾಲಕ್ಕೆ ಆ ಕಲ್ಲು ಮೂವತ್ತು ಮೈಲಿ ದೂರದಲ್ಲಿ ಚೀಸಿನ ಮೇಲೆ ಕೂತಿತ್ತು. ಇಂಥ ಸುಳ್ಳನ್ನು ಇಷ್ಟು ನಿರರ್ಗಳವಾಗಿ ಹೇಳುವುದು ತನಗೆ ಬರಲಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

"ಕಲ್ಲು ನಿಮ್ಮ ತೋಟದ್ದಾದ್ರೆ," ಎಂದ ನೋಕ್ಸ್, "ಗೆರೆ ನಿಮ್ಮ ಮನೆಯೊಳಗೆ ಹೋಗುತ್ತೆ ಬೇಸಿಲ್. ನಿಮ್ಮ ಪಾತಿ ಟಿಲ್ಕೋಟಿಗೆ ಹೋಗುತ್ತೆ."

"ಹೋಗ್ಲಿ," ಎಂದ ಬೇಸಿಲ್ ಎದೆಯ ಮೇಲೆ ಕೈಯಿಟ್ಟು. "ಇತಿಹಾಸಕ್ಕೋಸ್ಕರ ನಾನು ಈರುಳ್ಳಿ ಬಿಟ್ಟೆ."

ಸಭೆ ಚಪ್ಪಾಳೆ ತಟ್ಟಿತು. ಪ್ಲೇಗಿನ ಗುಂಡಿಯವರು ಎದ್ದು ನಿಂತು ತಟ್ಟಿದರು. ಮಿಸ್ ಫೆಲ್ಗೇಟ್ ಕಣ್ಣು ಒರೆಸಿಕೊಂಡು ಹೊರೇಸನ ಕಡೆ ತಿರುಗಿದಳು. ಕಲ್ಲು ತಮ್ಮದಲ್ಲ ಎಂದು ಟಿಂಡಲ್ ಅವರೇ ಹಿಂದೆ ಹೇಳಲು ಬಂದಿದ್ದರು, ಯಾಕೆಂದು ಈಗ ಅರ್ಥವಾಯಿತು, ಅವರು ಒಪ್ಪಿದರೆ ಇಂದೇ ನಿರ್ಣಯ ಮಾಡೋಣ ಎಂದಳು.

ಹೊರೇಸನಿಗೆ ನೆಲ ಸಿಕ್ಕಂತಾಯಿತು. ಒಂದು ಮಾತು ಸಾಕು. ಅಡುಗೆಮನೆ ಪಾಡ್ಬರಿಗೆ ವಾಪಸು, ಪಾತಿ ವಾಪಸು, ಹಾಸಿಗೆ ಮಹಡಿಗೆ ವಾಪಸು. ಸೋಫಾಗೆ ಬಡಿಯುವವರಿಲ್ಲ. ಬೆಳ್ಳಿ ಕಪ್ಪು ಖಾಯಂ ಅವನದು.

"ಹೌದು ಅನ್ನು," ಎಂದು ವಿನಿಫ್ರೆಡ್ ಪಕ್ಕೆಗೆ ತಿವಿದಳು.

"ಹೌದು ಅನ್ನಿ," ಎಂದರು ಪಾದ್ರಿಗಳು. ಅವರಿಗೆ ಕಿಟಕಿಯ ನೆನಪಿತ್ತು.

"ಹೌದು ಅಂದ್ಬಿಡಿ ಹೊರೇಸ್," ಎಂದ ನೋಕ್ಸ್. "ನಾಳೇನೇ ಕಪ್ಪು ಪಾಲಿಶ್ ಮಾಡಿಸ್ತೀನಿ."

ಹೊರೇಸ್ ಎದ್ದ. 'ಹೌದು' ಹಲ್ಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಬೇಸಿಲ್ ಪತ್ರಿಕೆಯ ಫೋಟೋದವನ ಹತ್ತಿರ ಬಾಗಿ ಗುಟ್ಟು ಹೇಳಿದ. ಮೂರು ಬೀದಿಗೆ ಕೇಳಿಸುವ ಗುಟ್ಟು.

"ಫಲಕದ ಕೆಳಗೇ ಕಲ್ಲು ನಿಲ್ಲಿಸ್ತೀನಿ. ಎರಡೂ ಒಂದೇ ಫೋಟೋದಲ್ಲಿ ಬರ್ಬೇಕು. ನಾನು ಮಧ್ಯದಲ್ಲಿ. ಹೊರೇಸ್‌ನ ಬೇಕಾದ್ರೆ ಹಿಂದೆ ನಿಲ್ಲಿಸಿ, ಪೀಪಾಯಿ ಹತ್ರ."

ಹೊರೇಸನ ಬಾಯಿ ಮುಚ್ಚಿತು. ಅವನ ಕಣ್ಣ ಮುಂದೆ ಆ ಫೋಟೋ ಬಂತು. ಫಲಕ, ಕಲ್ಲು, ಬೇಸಿಲ್, ಒಂದು ಟೋಪಿ. ಈರುಳ್ಳಿಯೂ ಬಂದು ನಿಂತಿತು, ಪಾಪ, ಏಳು ತಿಂಗಳು ಸಾಕಿದ್ದು.

"ಇಲ್ಲ," ಎಂದ. "ಆ ಕಲ್ಲು ನೆಟ್ಟ ದಿನದಿಂದ ನನ್ನ ಗೇಟಿನ ಹತ್ರಾನೇ ಇದೆ. ಒಂದು ಇಂಚು ಅಲುಗಿಲ್ಲ. ಯಾರ ಮುಂದೆ ಬೇಕಾದ್ರೂ ಪ್ರಮಾಣ ಮಾಡ್ತೀನಿ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನು ಗಮನಿಸಿದವಳು ವಿನಿಫ್ರೆಡ್ ಒಬ್ಬಳೇ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಈರುಳ್ಳಿ, ಹೊರೇಸ್," ಎಂದು ನೋಕ್ಸ್ ಗೋಗರೆದ.

"ಇತಿಹಾಸದ ಮುಂದೆ ಈರುಳ್ಳಿ ಯಾವ ಲೆಕ್ಕ?" ಎಂದ ಹೊರೇಸ್.

ಈ ಸಲದ ಚಪ್ಪಾಳೆ ಬೇಸಿಲ್‌ಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವವರನ್ನು ನಾವು ಕಂಡಿದ್ದೇವೆ. ಮೂಗು ಹೋದ ಮೇಲೂ ಇಷ್ಟು ಸಂತೋಷದಿಂದ ಮನೆಗೆ ಹೋದವನು ಹೊರೇಸ್ ಒಬ್ಬನೇ ಇರಬೇಕು.

ಪ್ರದರ್ಶನ ನಡೆಯಿತು. ಬೇಸಿಲ್ ಅರ್ಧ ಗಾತ್ರದ ಈರುಳ್ಳಿಯಿಂದ ಬೆಳ್ಳಿ ಕಪ್ಪು ಗೆದ್ದ. ಆ ಸಂಜೆ ವಿನಿಫ್ರೆಡ್ ಕೌಂಟಿಯ ಅತಿ ದೊಡ್ಡ ಈರುಳ್ಳಿಯನ್ನು ಊಟಕ್ಕೆ ಬೇಯಿಸಲು ಹೊರಟಳು. ಅದು ಒಲೆಯಲ್ಲಿ ಹಿಡಿಸದೆ ಎರಡು ಹೋಳು ಮಾಡಬೇಕಾಯಿತು. ಕತ್ತಿ ಇಟ್ಟಾಗ ಹೊರೇಸ್ ಆಚೆ ಎದ್ದುಹೋದ. ಕಣ್ಣಲ್ಲಿ ನೀರು ಬಂತು, ಈರುಳ್ಳಿ ಹೆಚ್ಚಿದ್ದಕ್ಕೆ ಎಂದುಕೊಂಡು ಯಾರೂ ವಿಚಾರಿಸಲಿಲ್ಲ.

ಬೇಲಿಯ ಹತ್ತಿರ ಬೇಸಿಲ್ ಕಪ್ಪು ಹಿಡಿದು ನಿಂತಿದ್ದ. ಅವನು ಕಪ್ಪನ್ನು ನೋಡುತ್ತಿರಲಿಲ್ಲ. ಗೇಟಿನ ಹತ್ತಿರ ಸಂಜೆಯ ಬಸ್ಸಿನಲ್ಲಿ ಬಂದವರು ಕಲ್ಲಿನ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಮುದುಕಿ ಅದಕ್ಕೆ ಮುತ್ತಿಟ್ಟಳು.

"ಹೊರೇಸ್," ಎಂದ ಬೇಸಿಲ್. ಅವನ ಗಂಟಲು ಮೊದಲ ಸಲ ಬೇಲಿ ದಾಟದಷ್ಟು ಮೆತ್ತಗಿತ್ತು. "ಈ ಕಪ್ಪು ಬೇಕಾದ್ರೆ ನೀವೇ ಇಟ್ಕೊಳ್ಳಿ. ಪಾಲಿಶ್ ಮಾಡ್ಸಿದೆ. ಆ ಕಲ್ಲು ನಮ್ಮ ತೋಟದ್ದು ಅಂತ ಒಂದ್ಸಲ ಹೇಳಿ."

ಹೊರೇಸ್ ಕಪ್ಪನ್ನು ನೋಡಿದ. ಅದರಲ್ಲಿ ತನ್ನ ಮುಖವೇ ಕಂಡಿತು, ಉದ್ದಕ್ಕೆ, ಸೊಟ್ಟಕ್ಕೆ. ತುಟಿಯವರೆಗೆ ಆಸೆ ಬಂತು. ಆಮೇಲೆ ಬೇಸಿಲ್‌ನ ಮುಖ ನೋಡಿದ. ಏಪ್ರಿಲ್‌ನ ಆ ಶನಿವಾರ ಪೀಪಾಯಿಯ ಹಿಂದೆ ಕೂತಿದ್ದವನ ಮುಖ ಅದು, ತದ್ವತ್ತು.

"ನಿಮ್ಮ ಮನೇಗೂ ಒಂದಿನ ಏನಾದ್ರೂ ಬರುತ್ತೆ ಬೇಸಿಲ್. ಬೇಜಾರು ಮಾಡ್ಕೋಬೇಡಿ," ಎಂದು ಹೇಳಿ ಅಡುಗೆಮನೆಗೆ ಬಂದು ಟಿಲ್ಕೋಟಿನಲ್ಲಿ ಕೂತು, ತಿಂಗಳುಗಳ ನಂತರ ಹೊಟ್ಟೆ ತುಂಬ ಉಂಡ. ಬೆಂದ ಈರುಳ್ಳಿಯ ಮೇಲೆ ಕರಗಿದ ಚೀಸು ಸುರಿದಿತ್ತು.

"ಚೀಸು ಅಷ್ಟು ಚೆನ್ನಾಗಿಲ್ಲ," ಎಂದಳು ವಿನಿಫ್ರೆಡ್. "ಅಂಗಡೀದು. ಕಲ್ಲಲ್ಲಿ ಒತ್ತಿದ್ರೇ ಅದಕ್ಕೆ ರುಚಿ." ಇನ್ನೊಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಆಮೇಲೆ ಹೇಳಿದಳು, "ಪಾಪ ಬೇಸಿಲ್‌ನ ನೋಡಿದ್ರೆ ಅಯ್ಯೋ ಅನ್ಸುತ್ತೆ. ಜೋಡಿ ಕಲ್ಲು ಇನ್ನೂ ಅಣ್ಣನ ಮನೆ ಹಂದಿಗೂಡಿನ ಹತ್ರ ಬಿದ್ದಿದೆ. ತಗೊಂಡು ಹೋಗಿ ಅಂತ ಅವನಿಗೆ ಹೇಳ್ಲಾ?"

ಹೊರೇಸನ ಮುಳ್ಳುಚಮಚ ಅರ್ಧದಾರಿಯಲ್ಲಿ ನಿಂತಿತು.

"ನಿಮ್ಮಣ್ಣನ ಊರಿಗೆ," ಎಂದ ಅವನು, "ಬೆಳಗ್ಗೆ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ?"